ಸುಬ್ಬಿಗೆ ನೂರಕ್ಕೆ ನೂರು

ನಮ್ಮ ಸೋದರಮಾವನಿಗೆ ಸ್ವಂತ ಮುತ್ತಾತನ ಹೆಸರು ಗೊತ್ತಿರಲಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಯಾರಾದರೂ ಆ ಹೆಸರು ಕೇಳಿದರೆ ಪಿಳಿಪಿಳಿ ಕಣ್ಣು ಬಿಟ್ಟು ಅತ್ತೆಯ ಮುಖ ನೋಡುತ್ತಿದ್ದರು. ಆದರೆ ಯಾವುದಾದರೂ ಕುದುರೆಯ ಮುತ್ತಜ್ಜಿ ಯಾರು, ಆ ಮುತ್ತಜ್ಜಿಗೆ ಎಷ್ಟು ಜನ ಗಂಡಂದಿರು, ಅವರಲ್ಲಿ ಯಾರ ಹಣೆಯ ಮೇಲೆ ಬಿಳಿ ಚುಕ್ಕೆ, ಯಾರಿಗೆ ಹಿಂಗಾಲಲ್ಲಿ ಒದೆಯುವ ಚಟ ಅಂತ ಕೇಳಿ ನೋಡಿ! ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಗಟಗಟ ಹೇಳಿ, ಮತ್ತೆ ಮಗ್ಗುಲಾಗಿ ಮಲಗುತ್ತಿದ್ದರು.

ಅದಕ್ಕೆ ಕಾರಣವಿತ್ತು. ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಅವರು ಗುಮಾಸ್ತರು. ಹುಟ್ಟಿದ ಪ್ರತಿ ಮರಿಯ ವಂಶಾವಳಿ ಬರೆಯುವುದೇ ಅವರ ಕೆಲಸ. "ನಾನು ಬರೆಯೋವರೆಗೂ ಮರಿ ಹುಟ್ಟಿದಂಗೇ ಅಲ್ಲ ಕಣೇ" ಅಂತ ಮೀಸೆ ತಿರುವುತ್ತಿದ್ದರು. "ಹಾಗಾದ್ರೆ ಒಂದು ಸಲವಾದ್ರೂ ಕುದುರೆ ಹತ್ತಿದ್ದೀರಾ ಮಾವ?" ಅಂತ ಕೇಳಿದರೆ ಮಾತ್ರ ಸಿಟ್ಟು ಬರುತ್ತಿತ್ತು. "ರಿಜಿಸ್ಟ್ರಾರು ಮದುವೆ ಬರೀತಾನೆ, ಹೋಗಿ ಹಸೆಮಣೆ ಮೇಲೆ ಕೂರ್ತಾನೇನೇ?" ಅನ್ನುತ್ತಿದ್ದರು. ಅಸಲು ವಿಷಯ ಏನೆಂದರೆ ಅವರಿಗೆ ಕುದುರೆ ಕಂಡರೆ ಭಯ. ಕಾಗದದ ಮೇಲಿನ ಕುದುರೆಗಳೇ ಅವರಿಗೆ ಇಷ್ಟ!

ನಮ್ಮ ಕಡೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ಪದ್ಧತಿ ಉಂಟು. ನನ್ನ ಪುಣ್ಯ, ನಾನು ಹುಟ್ಟುವಷ್ಟರಲ್ಲಿ ಮಾವನಿಗೆ ಮದುವೆಯಾಗಿ ಮಗಳೂ ಹುಟ್ಟಿದ್ದಳು. ಆದರೂ ವಿಧಿ ನನ್ನನ್ನು ಪೂರ್ತಿ ಬಿಡಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಅದೇ ಹೊತ್ತಿಗೆ ಮಾವ ರಿಟೈರಾಗಿ ತುಮಕೂರಿನಲ್ಲೇ ಸದಾಶಿವನಗರದಲ್ಲಿ ಮನೆ ಮಾಡಿದರು. ಮಗಳು ಮದುವೆಯಾಗಿ ಭದ್ರಾವತಿಗೆ ಹೋಗಿದ್ದಳು. ಖಾಲಿಯಿದ್ದ ಅವಳ ಕೋಣೆಗೆ ನಾನು ಟ್ರಂಕು ಹಾಸಿಗೆ ಸಮೇತ ಹೋಗಿ ಸೇರಿಕೊಂಡೆ.

ಹೋದ ಮೊದಲ ದಿನವೇ ಗೊತ್ತಾಯಿತು, ಆ ಮನೆಯಲ್ಲಿ ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ.

ಅಂದರೆ ಮಾವ ಮಾತಾಡುತ್ತಿದ್ದರು, ಮಾತಾಡುತ್ತಲೇ ಇದ್ದರು. ಅತ್ತೆ ಮಾತ್ರ ಅವರೊಡನೆ ಒಂದಕ್ಷರ ಆಡುತ್ತಿರಲಿಲ್ಲ. "ಊಟಕ್ಕೆ ಬರೋಕೆ ಹೇಳಮ್ಮಾ ನಿಮ್ಮ ಮಾವಂಗೆ, ಸಾರು ತಣ್ಣಗಾಗ್ತಿದೆ." ಮಾವ ಅಲ್ಲೇ, ಮೂರು ಮಾರು ದೂರದಲ್ಲಿ ಕೂತಿರುತ್ತಿದ್ದರು. ನಾನು ತಿರುಗಿ, "ಮಾವ, ಊಟಕ್ಕೆ ಬರಬೇಕಂತೆ" ಅನ್ನಬೇಕು. "ಬಂದೆ ಅಂತ ಹೇಳು" ಅಂತ ಮಾವ. "ಬಂದ್ರಂತೆ ಅತ್ತೆ" ಅಂತ ನಾನು. ಹಗಲೆಲ್ಲ ಎಕ್ಸ್‌ಚೇಂಜಿನಲ್ಲಿ ಲೈನ್ ಕೊಡುವುದು, ಮನೆಗೆ ಬಂದರೆ ಇಲ್ಲೂ ಲೈನ್ ಕೊಡುವುದು! ನಾನು ಮನೆಯಲ್ಲಿ ಇಲ್ಲದಾಗ ಅತ್ತೆ ಒರಳುಕಲ್ಲಿಗೆ ಹೇಳುತ್ತಿದ್ದರಂತೆ. "ಒರಳಪ್ಪಾ, ಸೀಮೆಎಣ್ಣೆ ಮುಗಿದೈತೆ, ಕೇಳಿಸ್ಕೊಳ್ಳೋರು ಕೇಳಿಸ್ಕೊಳ್ಲಿ."

ಇಷ್ಟಕ್ಕೂ ಕಾರಣ ಸುಬ್ಬಿ.

ಸುಬ್ಬಿ ಅತ್ತೆಯ ಬೆಕ್ಕು. ಕುಣಿಗಲ್ಲಿನ ಕ್ವಾರ್ಟರ್ಸ್ ಪಕ್ಕ ಕುದುರೆಗಳ ಹುಲ್ಲು ಒಟ್ಟುವ ಶೆಡ್ಡಿನಲ್ಲಿ ಹುಟ್ಟಿದ್ದು. ಬಿಳಿ ಮೈ, ಬೆನ್ನ ಮೇಲೆ ಕಪ್ಪು ಮಚ್ಚೆ, ಕೊಕ್ಕೆಯ ಹಾಗೆ ಬಾಗಿದ ಬಾಲದ ತುದಿ. ಎಡಗಿವಿಯನ್ನು ಯಾವುದೋ ನಾಯಿ ಹರಿದಿತ್ತು. ಎಲ್ಲಕ್ಕಿಂತ ವಿಶೇಷ ಎಂದರೆ ಸುಬ್ಬಿಗೆ ದನಿಯೇ ಇರಲಿಲ್ಲ. ಬಾಯಿ ಅಷ್ಟಗಲ ತೆರೆಯುವುದು, ಒಳಗಿನಿಂದ ಏನೂ ಬರದು. ಅತ್ತೆ ಸಂಜೆ ಹೂಬತ್ತಿ ಹೊಸೆಯುತ್ತಾ ಕೂತರೆ ಸುಬ್ಬಿ ಬಂದು ತೊಡೆಯೇರಿ, ಬಾಯಿ ತೆರೆದು ಮುಚ್ಚಿ ತನ್ನ ಕಷ್ಟಸುಖ ಹೇಳಿಕೊಂಡು ಮಲಗುವುದು. "ಈ ಮನೇಲಿ ಮಾತಾಡೋರು ಒಬ್ರು ಸಾಕು. ಸುಬ್ಬಿ ಕೇಳಿಸ್ಕೊಳ್ಳೋಳು" ಅನ್ನುತ್ತಿದ್ದರು ಅತ್ತೆ.

ಮನೆ ಖಾಲಿ ಮಾಡುವ ದಿನ ಅತ್ತೆ ಸುಬ್ಬಿಯನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ನಮ್ಮ ಕಡೆ ಬೆಕ್ಕನ್ನು ಸಾಗಿಸುವ ಕ್ರಮವೇ ಅದು. ದಾರಿ ಕಂಡರೆ ಬೆಕ್ಕು ಹೊಸ ಮನೆಯಲ್ಲಿ ನಿಲ್ಲುವುದಿಲ್ಲ, ಹಳೇ ಮನೆಗೆ ಓಡುತ್ತದೆ. ಲಾರಿ ಹೆಬ್ಬೂರಿನ ಹತ್ತಿರ ಟೀಗೆ ನಿಂತಾಗ ಮಾವನಿಗೆ ವಂಶಾವಳಿ ನೆನಪಾಯಿತು. "ಜಾತಿ ಪ್ರಾಣೀನ ಗೋಣಿಚೀಲದಲ್ಲಿ ತಗೊಂಡು ಹೋಗೋದಾ? ನಮ್ಮ ಕುದುರೆಗಳು ಲಾರೀಲಿ ನಿಂತು, ದಾರಿ ನೋಡ್ಕೊಂಡು ಗಂಭೀರವಾಗಿ ಹೋಗ್ತಿದ್ವು" ಅಂತ ಭಾಷಣ ಮಾಡುತ್ತಾ, ಗಾಳಿಯಾಡಲಿ ಅಂತ ಚೀಲದ ಬಾಯಿ ಬಿಚ್ಚಿದರು. ಸುಬ್ಬಿ ದಾರಿಯನ್ನೇನೋ ನೋಡಿದಳು. ನೋಡಿ, ಹಾರಿ, ರಾಗಿ ಹೊಲಕ್ಕೆ ನುಗ್ಗಿದವಳು ಮತ್ತೆ ಸಿಗಲಿಲ್ಲ. ಕತ್ತಲಾಗುವವರೆಗೂ ಇಬ್ಬರೂ ಹೊಲ ಸುತ್ತಿದರಂತೆ. ಕರೆದರೆ ಬೇರೆ ಬೆಕ್ಕಾದರೆ ಮ್ಯಾವ್ ಅಂತಾದರೂ ಅಂದೀತು. ದನಿಯಿಲ್ಲದ ಬೆಕ್ಕನ್ನು ಹುಡುಕುವುದು ಹೇಗೆ? ಲಾರಿ ಮತ್ತೆ ಹೊರಟಾಗ ಅತ್ತೆ ಬಾಯಿ ಮುಚ್ಚಿದವರು, ಗಂಡನ ಜೊತೆ ಮತ್ತೆ ತೆರೆಯಲಿಲ್ಲ.

ಹಳೇ ಮನೆಗೆ ವಾಪಸ್ ಹೋಗಿರಬಹುದು ಅಂತ ಮಾವ ಭಾನುವಾರ ಭಾನುವಾರ ಕುಣಿಗಲ್ ಬಸ್ಸು ಹತ್ತಿದರು. "ಸ್ನೇಹಿತರನ್ನ ನೋಡ್ಕೊಂಡು ಬರ್ತೀನಿ ಅಂತ ಹೇಳು" ಅಂತ ನನಗೆ ಹೇಳಿ ಹೋಗುವುದು, ಸಪ್ಪೆ ಮುಖ ಹಾಕಿಕೊಂಡು ಬರುವುದು. ಆಮೇಲೆ ಒಂದು ದಿನ ಹೊಸ ಹುಚ್ಚು ಶುರುವಾಯಿತು.

ಫಾರಮ್ಮಿನ ಹಳೇ ಬಂಗಲೆಯ ಅಟ್ಟ ಗುಡಿಸಿದಾಗ, ಯಾವುದೋ ಕಾಲದ ದೊರೆಸಾನಿ ಬಿಟ್ಟುಹೋಗಿದ್ದ ಇಂಗ್ಲಿಷ್ ಪತ್ರಿಕೆಗಳ ಒಂದು ಕಟ್ಟನ್ನು ಮಾವ ತಂದಿಟ್ಟುಕೊಂಡಿದ್ದರು. ಸದಾಶಿವನಗರದಲ್ಲಿ ಕೂತು ಅದರ ಧೂಳು ಕೊಡವಿ ಓದಿದವರೇ ನನ್ನನ್ನು ಕರೆದರು.

"ಬಾರೇ ಇಲ್ಲಿ. ಲಂಡನ್ನಲ್ಲಿ ನೂರು ವರ್ಷದ ಹಿಂದೇನೇ ಬೆಕ್ಕಿಗೆ ಪ್ರದರ್ಶನ ಇಟ್ಟಿದ್ರಂತೆ! ಒಬ್ಬ ಚಿತ್ರಕಾರ ಇದ್ದ. ಪ್ರಾಣಿ ಪಕ್ಷಿ ಚಿತ್ರ ಬರೆಯೋನು. ಆವಾಗ ಅಲ್ಲಿ ಬೆಕ್ಕು ಅಂದ್ರೆ ಇಲಿ ಹಿಡಿಯೋಕೆ, ಅಷ್ಟೇ. ಕಂಡಕಂಡೋರು ಒದೆಯೋರು. ಇವನು, ಬೆಕ್ಕು ಎಷ್ಟು ಚೆಂದ ಅಂತ ಜನಕ್ಕೆ ತೋರಿಸ್ಲೇಬೇಕು ಅಂತ ಗಾಜಿನ ಅರಮನೇಲಿ ಪ್ರದರ್ಶನ ಮಾಡ್ದ. ನಾಯಿಗೆ ಮಾಡ್ತಾರೆ, ಕೋಳಿಗೆ ಮಾಡ್ತಾರೆ, ಬೆಕ್ಕು ಏನು ಪಾಪ ಮಾಡಿತ್ತು?"

"ಜನ ಬಂದ್ರಾ ಮಾವ?"

"ಬಂದ್ರಾ ಅಂತೀಯಾ! ನುಗ್ಗಿದ್ರು! ಬೆಕ್ಕುಗಳು ಕೆಂಪು ಮೆತ್ತೆ ಮೇಲೆ ಒರಗಿಕೊಂಡು, ಪಕ್ಕದಲ್ಲಿ ಹಾಲು ಇಟ್ಕೊಂಡು, ಒಳ್ಳೇ ಜಮೀನ್ದಾರರ ಥರ ಮಲಗಿದ್ವಂತೆ."

"ತೀರ್ಪು ಯಾರು ಕೊಟ್ಟಿದ್ದು?"

"ಅವನೇ. ಜೊತೇಲಿ ಅವನ ತಮ್ಮ, ಇನ್ನೊಬ್ಬ ಪಾದ್ರಿ."

"ಬಹುಮಾನ ಯಾವ ಬೆಕ್ಕಿಗೆ?"

ಮಾವ ಸ್ವಲ್ಪ ಕೆಮ್ಮಿದರು. "ಬೇಕಾದಷ್ಟು ಬೆಕ್ಕಿಗೆ ಬಂತು. ಅವನ ಮನೆ ಮುದಿ ಬೆಕ್ಕಿಗೂ ಒಂದು ಬಂತು ಅನ್ನು."

"ಅಯ್ಯೋ ಮಾವ! ತೀರ್ಪುಗಾರನ ಮನೆ ಬೆಕ್ಕಿಗೇ ಬಹುಮಾನವಾ?"

"ಚೆನ್ನಾಗಿತ್ತು, ಬಂತು! ನಿಂಗೇನೇ ಕಷ್ಟ?"

ಅಲ್ಲಿಂದ ಮುಂದೆ ಕತೆ ಜೋರಾಯಿತು. ಆ ಪ್ರದರ್ಶನ ನೋಡಿ ಸಿರಿವಂತ ಹೆಂಗಸರೆಲ್ಲ ಬೆಕ್ಕಿನ ಹಿಂದೆ ಬಿದ್ದರಂತೆ. ಪರ್ಷಿಯಾದ ಹೆಸರಿನ ಉದ್ದ ಕೂದಲಿನ ಬೆಕ್ಕು, ಸಯಾಮಿನಿಂದ ಬಂದ ನೀಲಿಕಣ್ಣಿನ ಬೆಕ್ಕು ಅಂತ ತಳಿ ವಿಂಗಡಿಸಿದರಂತೆ. ಸಂಘ ಕಟ್ಟಿದರಂತೆ. ಹುಚ್ಚು ಹಡಗು ಹತ್ತಿ ಅಮೆರಿಕಕ್ಕೂ ಹೋಯಿತಂತೆ. ಕೊನೆಗೆ ಬೆಕ್ಕುಗಳ ಅಪ್ಪ ಅಮ್ಮ ಅಜ್ಜ ಅಜ್ಜಿಯರ ಹೆಸರನ್ನೂ ಬರೆದಿಡತೊಡಗಿದರಂತೆ. ಇದನ್ನು ಹೇಳುವಾಗ ಮಾವನ ಮುಖ ನೋಡಬೇಕಿತ್ತು! ಪಿಂಚಣಿ ದುಪ್ಪಟ್ಟಾದವರ ಹಾಗೆ ಬೆಳಗುತ್ತಿತ್ತು.

"ಆಮೇಲೆ ಆ ಚಿತ್ರಕಾರ ಏನಾದ?"

ಮಾವನ ದನಿ ಇಳಿಯಿತು. "ಬೇಜಾರು ಮಾಡ್ಕೊಂಡು ಸಂಘಾನೇ ಬಿಟ್ಟುಬಿಟ್ಟ ಕಣೇ. ಇವರಿಗೆಲ್ಲ ಬೇಕಾಗಿರೋದು ಪದಕ, ಬೆಕ್ಕಲ್ಲ ಅಂದ್ನಂತೆ. ಅವನಿಗೆ ನಿಜವಾಗ್ಲೂ ಬೆಕ್ಕು ಅಂದ್ರೆ ಪ್ರಾಣ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಕೇಳಮ್ಮಾ ಅವರನ್ನ, ಆ ಲಂಡನ್ನೋನೂ ಚೀಲದ ಬಾಯಿ ಬಿಚ್ಚಿದ್ನಂತಾ?"

ನಾನು ಈ ಕಾಲ್ ಮಾತ್ರ ಕನೆಕ್ಟ್ ಮಾಡಲಿಲ್ಲ. ಮಾವನಿಗೆ ನೇರವಾಗಿಯೇ ಕೇಳಿಸಿತ್ತು.

ವಾರ ಕಳೆಯುವಷ್ಟರಲ್ಲಿ ಕರಪತ್ರ ಅಚ್ಚಾಗಿ ಬಂತು. "ತುಮಕೂರಿನಲ್ಲಿ ಪ್ರಪ್ರಥಮ ಬಾರಿಗೆ ಜಾತಿ ಬೆಕ್ಕುಗಳ ಭಾರಿ ಪ್ರದರ್ಶನ! ಪ್ರಥಮ ಬಹುಮಾನ: ಸ್ಟೀಲ್ ಬಕೆಟ್. ತೀರ್ಪುಗಾರರ ತೀರ್ಮಾನವೇ ಅಂತಿಮ." ಅದರ ಕೆಳಗೆ ಉತ್ತಮ ಜಾತಿ ಬೆಕ್ಕಿನ ಲಕ್ಷಣಗಳು. ಮೈ ಬಿಳಿ, ಬೆನ್ನಿಗೆ ಕಪ್ಪು ಮಚ್ಚೆ, ಬಾಲದ ತುದಿ ಕೊಕ್ಕೆ, ಎಡಗಿವಿ ಹರಿದಿರತಕ್ಕದ್ದು, ದನಿ ಇರಕೂಡದು! ಒಟ್ಟು ನೂರು ಅಂಕ.

ಪೇಟೆಯಲ್ಲಿ ಕರಪತ್ರ ಓದಿದವರು ಬಿದ್ದು ಬಿದ್ದು ನಕ್ಕರು. ಹರಿದ ಕಿವಿ ಯಾವ ದೇಶದ ಜಾತಿ ಲಕ್ಷಣ? ಕೆಲವರು ನಗದೆ ಹೆದರಿದರು. ಕುಟುಂಬ ಯೋಜನೆಯವರು ಊರೂರಿಗೆ ಜೀಪು ತಂದು ಗಂಡಸರನ್ನು ಹಿಡಿದುಕೊಂಡು ಹೋದ ಕಾಲ ಇನ್ನೂ ಯಾರಿಗೂ ಮರೆತಿರಲಿಲ್ಲ. ಹಾಲಿನವನು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ, "ಅಕ್ಕಾ, ಬಕೀಟು ಕೊಡ್ತೀವಿ ಅಂತ ಆವಾಗ್ಲೂ ಹಿಂಗೇ ಕರೆದಿದ್ರು. ಈಗ ಬೆಕ್ಕಿಗೂ ಆಪರೇಸನ್ನಾ?"

ನಾನು ಯಾರೂ ಬರುವುದಿಲ್ಲ ಅಂದುಕೊಂಡಿದ್ದೆ. ಪ್ರದರ್ಶನದ ದಿನ ಬೆಳಗ್ಗೆ ಬಾಗಿಲು ತೆರೆದರೆ ಗೇಟಿನ ಮುಂದೆ ಕ್ಯೂ! ನಿಟ್ಟೂರಿನವರು, ಚೇಳೂರಿನವರು, ಗುಬ್ಬಿಯವರು. ಎಲ್ಲರ ಹೆಗಲ ಮೇಲೂ ಬಾಯಿ ಕಟ್ಟಿದ ಗೋಣಿಚೀಲ. ಮಾವ ಕೋಟು ಹಾಕಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮದುಮಗಳ ತಂದೆಯ ಹಾಗೆ ಕೈಮುಗಿಯುತ್ತಾ ನಿಂತರು. ಬಂದವರೆಲ್ಲ ಒಂದು ವಿಚಿತ್ರ ಮಾಡುತ್ತಿದ್ದರು. ಗೇಟಿನ ಹತ್ತಿರ ನಿಂತು, ಚೀಲವನ್ನು ಗಿರಗಿರನೆ ಸುತ್ತಿಸಿ, ಆಮೇಲೆ ಒಳಗೆ ತಂದಿಡುತ್ತಿದ್ದರು. "ನೋಡೇ, ದೃಷ್ಟಿ ತೆಗೀತಿದ್ದಾರೆ. ಎಷ್ಟು ಅಕ್ಕರೆ!" ಅಂದರು ಮಾವ.

ವಂಶಾವಳಿ ವಿಚಾರಣೆ ಶುರುವಾಯಿತು. "ಇದರ ತಾಯಿ ಯಾವುದು?" ಅಂದರೆ, "ಯಾವ್ದೋ ಬಂದು ಅಟ್ಟದ್ಮೇಲೆ ಈದು ಹೋಯ್ತು ಸ್ವಾಮಿ." "ತಂದೆ?" "ಅದನ್ನ ಆ ತಾಯೀನೇ ಹೇಳ್ಬೇಕು!" ಒಬ್ಬರು ಮಾತ್ರ ಬಲು ಹೆಮ್ಮೆಯಿಂದ, "ನಮ್ದು ಮಠದಲ್ಲಿ ಬೆಳೆದ ಬೆಕ್ಕು. ಸಂಸ್ಕಾರ ಜಾಸ್ತಿ. ಇಲೀನೂ ಮುಟ್ಟಲ್ಲ" ಅಂದರು. ಆ ಬೆಕ್ಕು ನೋಡಿದರೆ ತನ್ನ ತೂಕ ತಾನೇ ಎತ್ತಲಾರದೆ ಕೂತಲ್ಲೇ ಕೂತಿತ್ತು. ಪ್ರಸಾದದ ಮಹಿಮೆ!

ನಾನು ನಗುತ್ತಾ ಮಾವನ ಪಕ್ಕ ನಿಂತಿದ್ದೆ. ಒಂದು ಹಂತದಲ್ಲಿ ನಗು ನಿಂತುಹೋಯಿತು. ಮಾವ ಪ್ರತಿ ಚೀಲದ ಗಂಟನ್ನೂ ತಾವೇ ಬಿಚ್ಚುತ್ತಿದ್ದರು. ಬಿಚ್ಚಿ, ಮೊದಲು ಎಡಗಿವಿ ನೋಡುತ್ತಿದ್ದರು. ಆಮೇಲೆ ಚೀಲದೊಳಗೆ ಬಗ್ಗಿ, ಯಾರಿಗೂ ಕೇಳದ ಹಾಗೆ, "ಸುಬ್ಬೀ" ಅನ್ನುತ್ತಿದ್ದರು. ಒಳಗಿನಿಂದ ಜೋರಾಗಿ ಮ್ಯಾವ್ ಅಂತ ಬಂದ ಕೂಡಲೇ ಅವರ ಮುಖ ಬಾಡುತ್ತಿತ್ತು. ಪೆನ್ಸಿಲ್ ತೆಗೆದು ಸೊನ್ನೆ ಬರೆಯುತ್ತಿದ್ದರು. ಆಗ ನನಗೆ ಹೊಳೆಯಿತು. ಲಂಡನ್ನಿಲ್ಲ ಗಿಂಡನ್ನಿಲ್ಲ. ಇಡೀ ಜಿಲ್ಲೆಯ ಬೆಕ್ಕುಗಳನ್ನು ತಮ್ಮ ಮನೆ ಬಾಗಿಲಿಗೆ ಕರೆಸಿಕೊಂಡು ಈ ಮನುಷ್ಯ ಒಂದೇ ಒಂದು ಬೆಕ್ಕನ್ನು ಹುಡುಕುತ್ತಿದ್ದಾರೆ!

ಮಧ್ಯಾಹ್ನ ಮಾವ ಮೆಟ್ಟಿಲ ಮೇಲೆ ನಿಂತು ಘೋಷಿಸಿದರು. "ಈ ಸಾರಿ ಪ್ರಥಮ ಬಹುಮಾನಕ್ಕೆ ಅರ್ಹ ಬೆಕ್ಕು ಯಾವುದೂ ಇಲ್ಲ." ಚಪ್ಪಾಳೆಯೂ ಇಲ್ಲ, ಗಲಾಟೆಯೂ ಇಲ್ಲ. ತಲೆಯೆತ್ತಿ ನೋಡಿದರೆ ಅಂಗಳದಲ್ಲಿ ಮನುಷ್ಯರೇ ಇರಲಿಲ್ಲ! ಬರೀ ಬೆಕ್ಕುಗಳು. ತೆಂಗಿನ ಗಿಡದ ಬುಡದಲ್ಲಿ, ತುಳಸಿಕಟ್ಟೆ ಮೇಲೆ, ಪಕ್ಕದ ಮನೆ ಕಾಂಪೌಂಡಿನ ಮೇಲೆ. ಒಬ್ಬ ನಿಟ್ಟೂರಿನವನು ಮಾತ್ರ ಖಾಲಿ ಚೀಲ ಮಡಚಿಕೊಂಡು ಗೇಟು ದಾಟುತ್ತಿದ್ದ. ನಾನು ಓಡಿ ಹೋಗಿ ಹಿಡಿದೆ.

"ಏನಪ್ಪಾ, ಬೆಕ್ಕು ಬಿಟ್ಟು ಹೋಗ್ತಿದ್ದೀಯಲ್ಲ?"

"ಬುಡೋಕೇ ಅಲ್ವೇನಕ್ಕಾ ಬಂದಿದ್ದು? ಬೆಕ್ಕು ಸಾಯಿಸಿದ್ರೆ ಪಾಪ ಬತ್ತದೆ. ಊರಾಚೆ ಬುಟ್ರೆ ವಾಸನೆ ಹಿಡ್ಕಂಡು ವಾಪಸ್ ಬತ್ತದೆ. ಅದ್ಕೇ ರೈಲಲ್ಲಿ ತಂದೆ. ಯಾರೋ ಪುಣ್ಯಾತ್ಮರು ತುಮಕೂರಲ್ಲಿ ಬೆಕ್ಕು ಸೇರಿಸ್ಕತ್ತವ್ರೆ ಅಂದ್ರು. ನಿಮ್ಮ ಮಾವ್ನೋರ ಹೊಟ್ಟೆ ತಣ್ಣಗಿರ್ಲಿ!"

ಚೀಲ ಸುತ್ತಿಸಿದ್ದು ದೃಷ್ಟಿ ತೆಗೆಯಲಿಕ್ಕಲ್ಲ ಸ್ವಾಮಿ, ಬೆಕ್ಕಿಗೆ ದಿಕ್ಕು ತಪ್ಪಲಿ ಅಂತ! ಇಪ್ಪತ್ತಕ್ಕೂ ಮೇಲ್ಪಟ್ಟು ಬೆಕ್ಕುಗಳ ನಡುವೆ ಮಾವ ಕೋಟು ಹಾಕಿಕೊಂಡು ನಿಂತಿದ್ದರು. ಅತ್ತೆ ಕಿಟಕಿಯಿಂದ ನೋಡಿ, ಒರಳುಕಲ್ಲಿಗೆ ಹೇಳಿದರು, "ಒರಳಪ್ಪಾ, ಒಂದನ್ನ ಕಳೆದೋರು ಇಷ್ಟೊಂದನ್ನ ತಂದವ್ರೆ."

ಹೇಳಿದರು, ಆದರೆ ಆ ಬೆಕ್ಕುಗಳಿಗೆಲ್ಲ ಅನ್ನ ಕಲಸಿ ಹಾಕಿದ್ದೂ ಅವರೇ. ಯಾವುದನ್ನೂ ತೊಡೆಯ ಮೇಲೆ ಮಾತ್ರ ಹತ್ತಿಸಿಕೊಳ್ಳಲಿಲ್ಲ. ಸಂಜೆ ಹೂಬತ್ತಿ ಹೊಸೆಯಲು ಕೂತಾಗ ಮರಿಯೊಂದು ಹತ್ತಲು ಬಂದರೆ ಮೆಲ್ಲಗೆ ಎತ್ತಿ ಪಕ್ಕಕ್ಕಿಡುತ್ತಿದ್ದರು. ಅದನ್ನು ಮಾವ ಪೇಪರಿನ ಮರೆಯಿಂದ ನೋಡುತ್ತಿದ್ದರು.

ಅಕ್ಕಪಕ್ಕದವರು ಜಗಳಕ್ಕೆ ಬಂದರು. ಬೆಕ್ಕುಗಳಿಗೆ ನೆಲೆ ಹುಡುಕಲೇಬೇಕಾಯಿತು. ಗುಬ್ಬಿಯಲ್ಲಿ ಒಬ್ಬರು ಕೊಬ್ಬರಿ ಮಂಡಿ ಸಾಹುಕಾರರು ಮಾವನಿಗೆ ಪರಿಚಯ. ಮಂಡಿಗಳಲ್ಲಿ ಇಲಿ ಕಾಟ ವಿಪರೀತ, ಬೆಕ್ಕು ಬಂದರೆ ಅವರಿಗೆ ಸಂತೋಷವೇ. ಸುಮ್ಮನೆ ಕೊಟ್ಟು ಬರಬಾರದಾ? ಮಾವ ಹೆಣ್ಣು ಕೊಡುವವರ ಹಾಗೆ ವಿಚಾರಣೆಗೆ ನಿಂತರು. ಮನೆಯಲ್ಲಿ ನಾಯಿ ಇದೆಯಾ? ಹಾಲು ಹಸುವಿನದಾ, ಎಮ್ಮೆಯದಾ? ಮಕ್ಕಳು ಬಾಲ ಎಳೆಯುತ್ತಾರಾ? ಸಾಹುಕಾರರು ಟವೆಲ್ಲಿನಿಂದ ಬೆವರೊರೆಸಿಕೊಂಡು, "ಸ್ವಾಮಿ, ನನ್ನ ಮಗಳಿಗೆ ಗಂಡು ನೋಡೋಕೆ ಹೋದಾಗ್ಲೂ ನಾನಿಷ್ಟು ಕೇಳ್ಲಿಲ್ಲ" ಅಂದರು. ಒಂದೊಂದಾಗಿ ಎಲ್ಲ ಬೆಕ್ಕುಗಳ ಮದುವೆಯಾಯಿತು. ಮಾವ ತಿಂಗಳಿಗೊಮ್ಮೆ ಹೋಗಿ ಯೋಗಕ್ಷೇಮ ಬೇರೆ ವಿಚಾರಿಸಿ ಬರುತ್ತಿದ್ದರು!

ಹಾಗೆ ಹೋದಾಗಲೇ ಯಾರೋ ಒಬ್ಬರು, ಚೇಳೂರಿನ ಹತ್ತಿರ ಒಂದು ಕೊಟ್ಟಿಗೆಯಲ್ಲಿ ಕಿವಿ ಹರಿದ ಬಿಳಿ ಬೆಕ್ಕು ಕಂಡೆ ಅಂದುಬಿಟ್ಟರು. ಮಾವ ನಿಂತ ಕಾಲಿನಲ್ಲೇ ಚೇಳೂರಿನ ಬಸ್ಸು ಹತ್ತಿದರು. ಆ ಕೊಟ್ಟಿಗೆಯ ಮನೆಯವರಿಗೆ ಹೇಳಿ ನೋಡಬೇಕೋ ಬೇಡವೋ? ಕೊಟ್ಟಿಗೆಗೆ ಬಗ್ಗಿ ನುಗ್ಗಿ, ಹುಲ್ಲಿನ ಮೆದೆಯ ಹಿಂದೆ "ಸುಬ್ಬೀ, ಸುಬ್ಬೀ" ಅಂತ ಕರೆದಿದ್ದಾರೆ.

"ಯಾರ್ಲಾ ಅದು, ಕೊಟ್ಟಿಗೇಲಿ?" ಅಂತ ಮನೆ ಯಜಮಾನನ ಕೂಗು.

"ನಾನಪ್ಪಾ, ತೀರ್ಪುಗಾರ!"

ಆ ಉತ್ತರ ಆ ಮನೆಯ ನಾಯಿಗೆ ಸಮಾಧಾನ ತರಲಿಲ್ಲ. ಮೀನಖಂಡಕ್ಕೆ ಬಾಯಿ ಹಾಕಿತು. ಬೆಕ್ಕು ಏನೋ ಬಿಳಿಯದೇ, ಕಿವಿಯೂ ಹರಿದಿತ್ತಂತೆ, ಆದರೆ ಬಲಗಿವಿ. ನಾಯಿ ಕಚ್ಚಿದರೆ ಆಗಿನ ಕಾಲದ ಚಿಕಿತ್ಸೆ ಏನು ಗೊತ್ತಲ್ಲ? ದಿನಾ ಆಸ್ಪತ್ರೆಗೆ ಹೋಗಿ ಹೊಕ್ಕಳ ಸುತ್ತ ಸೂಜಿ ಹಾಕಿಸಿಕೊಳ್ಳಬೇಕು! ಮಾವ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಮಲಗಿರುತ್ತಿದ್ದರು. ಅತ್ತೆ ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ತಂದು ತಾವೇ ಶಾಖ ಕೊಡುತ್ತಿದ್ದರು. ಮಾತಿಲ್ಲ. ಮಾವ "ಅಯ್ಯಪ್ಪಾ" ಅಂದರೆ ಕೈ ಹಗುರ ಮಾಡುತ್ತಿದ್ದರು, ಅಷ್ಟೇ.

ಹೊಟ್ಟೆಯ ಊತ ಇಳಿದ ಮರುವಾರವೇ ಮಾವ ಹೇಳಿದರು, "ಈ ಸಾರಿ ಪ್ರದರ್ಶನ ಗುಬ್ಬೀಲಿ ಇಡ್ತೀನಿ. ಸಾಹುಕಾರ್ರು ಮಂಡಿ ಅಂಗಳ ಬಿಟ್ಕೊಡ್ತಾರಂತೆ. ಅದಾದ್ಮೇಲೆ ತಿಪಟೂರು, ಆಮೇಲೆ ತುರುವೇಕೆರೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. "ಅವರಿಗೆ ಹೇಳಮ್ಮಾ, ಗುಬ್ಬಿಗೆ ನಾನೂ ಬರ್ತೀನಿ."

"ಯಾಕಂತೆ ಕೇಳು" ಅಂದರು ಮಾವ, ಗಾಬರಿಯಾಗಿ.

"ದೇವಸ್ಥಾನಕ್ಕೆ ಅಂತ ಹೇಳು."

ಗುಬ್ಬಿಯ ಮಂಡಿ ಅಂಗಳದಲ್ಲಿ ಮತ್ತೆ ಅದೇ ಕ್ಯೂ, ಅದೇ ಗೋಣಿಚೀಲಗಳು, ಅದೇ ಗಿರಗಿರ. ಈ ಸಲ ಮಾವ, ಫಲಿತಾಂಶ ಹೇಳುವವರೆಗೆ ಯಾರೂ ಹೋಗಬಾರದು ಅಂತ ಗೇಟಿಗೆ ಬೀಗ ಹಾಕಿಸಿದ್ದರು. ಮಂಡಿಯವರು ತಮ್ಮ ತಮ್ಮ ಬೆಕ್ಕುಗಳನ್ನು ತಂದು, ಇಲಿ ಹಿಡಿಯುವುದಕ್ಕೆ ಅಂಕವಿಲ್ಲದ ಪ್ರದರ್ಶನ ಎಂಥಾ ಪ್ರದರ್ಶನ ಅಂತ ವಾದ ಹೂಡಿದ್ದರು. ಮಾವ ಕುಂಟುತ್ತಾ ಚೀಲದಿಂದ ಚೀಲಕ್ಕೆ ಹೋಗುತ್ತಿದ್ದರು. ಗಂಟು ಬಿಚ್ಚುವುದು, ಬಗ್ಗುವುದು, ಪಿಸುಗುಡುವುದು, ಸೊನ್ನೆ ಬರೆಯುವುದು. ಬಗ್ಗಿದಾಗಲೆಲ್ಲ ಒಂದು ಕೈ ಹೊಟ್ಟೆಗೆ ಹೋಗುತ್ತಿತ್ತು. ಅತ್ತೆ ಕೊಬ್ಬರಿ ಮೂಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು.

ಕೊನೆಯ ಚೀಲ ಚೇಳೂರು ಕಡೆಯ ಒಬ್ಬ ಹೆಂಗಸಿನದು. ಮಾವ ಅದರ ಹತ್ತಿರ ಹೋಗುವ ಮೊದಲೇ ಅತ್ತೆ ಎದ್ದು ಹೋಗಿ ಗಂಟು ಬಿಚ್ಚಿದರು. ಒಳಗಿದ್ದದ್ದು ಬೂದುಬಣ್ಣದ, ಪಟ್ಟೆಪಟ್ಟೆಯ, ದಪ್ಪ ಮುಸುಡಿಯ ಒಂದು ದಢೂತಿ ಬೆಕ್ಕು. ಎರಡು ಕಿವಿಯೂ ನೆಟ್ಟಗಿದ್ದವು. ಬಾಲದ ತುದಿ ಮಾತ್ರ ಕೊಂಚ ಬಾಗಿತ್ತು. ಚೀಲದ ಬಾಯಿ ತೆರೆದದ್ದೇ ತಡ, ಇಡೀ ಗುಬ್ಬಿ ಪೇಟೆಗೆ ಕೇಳುವ ಹಾಗೆ ಅರಚಿತು.

ಅತ್ತೆ ಅದನ್ನು ಎತ್ತಿ ಸೆರಗಿನಲ್ಲಿ ಸುತ್ತಿ ಎದೆಗಪ್ಪಿಕೊಂಡರು. ಮಾವನ ಮುಂದೆ ಬಂದು ನಿಂತರು.

"ರೀ, ಇದೇ ಕಣ್ರೀ ನಮ್ಮ ಸುಬ್ಬಿ. ಸಿಕ್ಕಳು. ಸಾಕು ಬನ್ನಿ, ಮನೆಗೆ ಹೋಗೋಣ."

ಮಾವನ ಕೈಯಿಂದ ಪೆನ್ಸಿಲ್ ಬಿತ್ತು. ಬೆಕ್ಕು ಸಿಕ್ಕಿತು ಅಂದದ್ದಕ್ಕೆ ಬಿತ್ತೋ, 'ರೀ' ಅಂದದ್ದಕ್ಕೆ ಬಿತ್ತೋ, ನನಗೆ ಗೊತ್ತಿಲ್ಲ. ಆಮೇಲೆ ಬೆಕ್ಕನ್ನು ನೋಡಿದರು. ಕುದುರೆಯ ಏಳು ತಲೆಮಾರು ಬಲ್ಲ ಮನುಷ್ಯ, ಕಿವಿಯಿಂದ ಬಾಲದವರೆಗೆ ನಿಧಾನವಾಗಿ ನೋಡಿದರು.

"ಮೈ ಬಣ್ಣ ಸ್ವಲ್ಪ..." ಅಂದರು.

"ಬಿಸಿಲಲ್ಲಿ ಅಲೆದೈತೆ" ಅಂದರು ಅತ್ತೆ.

"ಕಿವಿ?"

"ವಾಸಿಯಾಗಿದೆ."

ಬೆಕ್ಕು ಮತ್ತೊಮ್ಮೆ ಅರಚಿತು. ಮಾವ ಗಂಭೀರವಾಗಿ ತಲೆದೂಗಿದರು. "ದನೀನೂ ಬಂದಿದೆ. ಗುಬ್ಬಿ ನೀರು ಒಗ್ಗಿದೆ ಅಂತ ಕಾಣುತ್ತೆ."

ಚೇಳೂರಿನ ಹೆಂಗಸು ಸುಮ್ಮನಿರಬೇಕಲ್ಲ! "ಇದೇನ್ರವ್ವಾ ಹಿಂಗಂತೀರಿ? ಇದು ನಮ್ಮನೆ ಅಟ್ಟದ್ಮೇಲೇ ಹುಟ್ಟಿದ್ದು. ಹಾಲಿನ ಮಡಕೆ ಒಡೀತದೆ ಅಂತ ಬುಡೋಕೆ ತಂದೆ. ನಾನೇ ಕಣ್ಣಾರೆ..."

"ಅಮ್ಮಾ," ಅಂದರು ಮಾವ, "ವಂಶಾವಳಿ ವಿಷಯ ನಂಗೆ ಬಿಡಿ." ಪೆನ್ಸಿಲ್ ಹುಡುಕಿ ತೆಗೆದುಕೊಂಡು ಬರೆದರು, ನೂರಕ್ಕೆ ನೂರು.

ಮಂಡಿಯವರು ಗಲಾಟೆಯೆಬ್ಬಿಸಿದರು. "ಇದ್ಯಾವ ನ್ಯಾಯ ಸ್ವಾಮಿ? ತೀರ್ಪುಗಾರ್ರ ಮನೆ ಬೆಕ್ಕಿಗೇ ಫಸ್ಟ್ ಪ್ರೈಜಾ?"

"ಲಂಡನ್ನಲ್ಲೂ ಹಿಂಗೇ ಆಗಿದ್ದು!" ಅಂತ ಮಾವ ಗುಡುಗಿದರು. ಲಂಡನ್ ಅಂದ ಮೇಲೆ ಗುಬ್ಬಿಯಲ್ಲಿ ಯಾರು ಎದುರಾಡುತ್ತಾರೆ? ಚೇಳೂರಿನ ಹೆಂಗಸಿಗೂ ನ್ಯಾಯ ಸಿಕ್ಕಿತು. "ಬೆಕ್ಕು ನಿಮ್ದೇ ಅಂತ ಇಟ್ಕಳಿ ಸ್ವಾಮಿ. ತಂದಿದ್ದು ನಾನಲ್ವಾ, ಬಕೀಟು ನಂಗೆ ಕೊಡಿ" ಅಂತ ಬಕೆಟ್ ಹಿಡಿದುಕೊಂಡು ನಗುನಗುತ್ತಾ ಹೋದಳು.

ಬೆಕ್ಕನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟೆವು. ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಬೀಡಾ ಅಂಗಡಿಗೆ ಹೋದಾಗ, ನಾನು ಮೆಲ್ಲಗೆ ಚೀಲದೊಳಗೆ ಬಗ್ಗಿ ನೋಡಿದೆ. ನೋಡಿ ಗಾಬರಿಯಾಗಿ ಮಾವನ ಕಿವಿಯಲ್ಲಿ ಹೇಳಿದೆ, "ಮಾವ, ಇದು ಗಂಡು!"

"ತೀರ್ಪುಗಾರರ ತೀರ್ಮಾನವೇ ಅಂತಿಮ" ಅಂದರು ಮಾವ. ಹಾಗನ್ನುತ್ತಾ ಚೀಲದ ಬಾಯಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಹುರಿಯಿಂದ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದರು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಅಂತ ಅವರು ತಿಳಿದುಕೊಂಡಿದ್ದಾರೆ. ಮನೆ ಸೇರುವವರೆಗೂ ಎರಡೂ ಕೈಯಲ್ಲಿ ಆ ಗಂಟು ಹಿಡಿದುಕೊಂಡೇ ಕೂತಿದ್ದರು.

ಮನೆಯಲ್ಲಿ ಅತ್ತೆ ಒಲೆ ಹಚ್ಚುವಾಗ ನಾನು ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ. "ಅತ್ತೆ, ನಿಮಗೆ ಗೊತ್ತಾಗ್ಲಿಲ್ವಾ?"

"ಏನು ಗೊತ್ತಾಗ್ಬೇಕಿತ್ತು? ಗಂಡ್ಯಾವ್ದು ಹೆಣ್ಯಾವ್ದು ಅಂತ ತಿಳಿಯದಷ್ಟು ದಡ್ಡಿ ಏನೇ ನಾನು?"

"ಮತ್ತೆ?"

ಅತ್ತೆ ಊದುಕೊಳವೆ ಕೆಳಗಿಟ್ಟರು. "ಸುಬ್ಬಿ ಬರಲ್ಲ ಕಣೇ ಮಗಾ. ಅದು ನಂಗೆ ಯಾವತ್ತೋ ತಿಳಿದುಹೋಯ್ತು. ಆ ಮನುಷ್ಯ ಮಾತ್ರ ಬಿಡಲ್ಲ. ಹೊಟ್ಟೆ ತುಂಬ ಸೂಜಿ ಚುಚ್ಚಿಸ್ಕೊಂಡು ಬಂದು, ಮತ್ತೆ ತಿಪಟೂರು, ತುರುವೇಕೆರೆ ಅಂತಾರೆ. ನನ್ನ ಒಂದು ಬೆಕ್ಕಿಗೋಸ್ಕರ ಇನ್ನೆಷ್ಟು ಊರಿನ ಚೀಲ ಬಿಚ್ಚಿಸ್ಲಿ ಅವರ ಕೈಲಿ?"

ನನಗೆ ಅಳು ಬಂತು. ಹೊಗೆ ಅಂತ ಹೇಳಿಕೊಂಡು ಎದ್ದು ಹಾಲಿಗೆ ಬಂದೆ. ಅಲ್ಲಿ ಮಾವ ಪೇಪರ್ ಹಿಡಿದು ಕೂತಿದ್ದರು, ಅದು ತಲೆಕೆಳಗಾಗಿತ್ತು. ಗಂಡು ಸುಬ್ಬಿ ಮನೆಯೆಲ್ಲ ಮೂಸಿ, ಕೊನೆಗೆ ಒರಳುಕಲ್ಲಿನ ಮೇಲೆ ಹತ್ತಿ ಕೂತು ದನಿಯೆತ್ತಿ ಹಾಡುತ್ತಿತ್ತು. ಊಟದ ಹೊತ್ತಾಯಿತು. ಅಭ್ಯಾಸಬಲದಿಂದ ನಾನು ಅಡುಗೆಮನೆಗೂ ಹಾಲಿಗೂ ನಡುವಿನ ಬಾಗಿಲಲ್ಲಿ ಹೋಗಿ ನಿಂತುಕೊಂಡೆ.

"ರೀ, ಊಟಕ್ಕೆ ಬನ್ನಿ. ಸಾರು ತಣ್ಣಗಾಗ್ತಿದೆ" ಅಂದರು ಅತ್ತೆ.

"ಬಂದೆ ಕಣೇ" ಅಂದರು ಮಾವ.

ಆವತ್ತಿನಿಂದ ಆ ಮನೆಯಲ್ಲಿ ನನಗೆ ಡ್ಯೂಟಿ ಇರಲಿಲ್ಲ.